ಬ್ರಾಂಡಿವೈನ್ ಟೊಮೆಟೊ ಮೈಸೂರಿನಲ್ಲಿ ಏಕೆ ಕಾಯಿ ಕಚ್ಚಲಿಲ್ಲ?

ಪ್ರಶ್ನೆ: ಮಗಳು ಆನ್‌ಲೈನಿನಲ್ಲಿ ಬ್ರಾಂಡಿವೈನ್ ಮತ್ತು ಚೆರೋಕಿ ಪರ್ಪಲ್ ಎಂಬ ಎರಡು ಏರ್‌ಲೂಮ್ (ತಲೆಮಾರುಗಳಿಂದ ಬೀಜ ಉಳಿಸಿಕೊಂಡು ಬಂದ ಪಾರಂಪರಿಕ) ಟೊಮೆಟೊ ತಳಿಗಳ ಬೀಜ ತರಿಸಿಕೊಟ್ಟಿದ್ದಳು. ಪೊಟ್ಟಣದ ಮೇಲೆ ‘ಫೆಬ್ರವರಿ-ಮಾರ್ಚ್‌ನಲ್ಲಿ ಮನೆಯೊಳಗೆ ಬಿತ್ತಿ’ ಎಂದಿತ್ತು. ಶಿವರಾತ್ರಿ ಕಳೆದ ಮೇಲೆ ಅರ್ಧದಷ್ಟು ಬೀಜವನ್ನು ಅಡುಗೆಮನೆಯ ಕಿಟಕಿಯ ಬಳಿ ಕುಂಡದಲ್ಲಿ ಹಾಕಿದೆ. ಸಸಿಗಳು ಉದ್ದುದ್ದ ಬೆಳೆದು ಕೆಲವು ಬುಡದಲ್ಲೇ ಕೊಳೆತು ಬಿದ್ದವು. ಉಳಿದವನ್ನು ತಾರಸಿಯ ಚೀಲಗಳಿಗೆ ನೆಟ್ಟೆ. ಮೇ ತಿಂಗಳಲ್ಲಿ ಹೂವು ಬಂತು, ಕಾಯಿ ಕಚ್ಚದೆ ಉದುರಿತು. ಈಗ ಎಲೆಗಳೆಲ್ಲ ಮುದುರಿವೆ. ಇದೇ ತಾರಸಿಯಲ್ಲಿ ಮಾರುಕಟ್ಟೆಯ ನಾಟಿ ಟೊಮೆಟೊ ಹಣ್ಣಿನ ಬೀಜದಿಂದ ಬೆಳೆಸಿದ ಗಿಡಗಳು ಕಾಯಿ ಬಿಟ್ಟವು, ಆದರೆ ಒಂದೊಂದು ಗಿಡದ ಹಣ್ಣು ಒಂದೊಂದು ತರಹ. ಅಮೆರಿಕದಲ್ಲಿರುವ ತಂಗಿಯಿಂದ ಇನ್ನಷ್ಟು ತಳಿಗಳ ಬೀಜ ತರಿಸಬಹುದೇ? ಉಳಿದ ಬೀಜವನ್ನು ಯಾವಾಗ ಹಾಕಲಿ? ಬೀಜ ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ಮೂಲದವು. ನೀವು ಬಿತ್ತಿದ ತಿಂಗಳು ಸರಿಯಿರಲಿಲ್ಲ. ಅದಕ್ಕೆ ನಿಮ್ಮನ್ನು ದೂರುವಂತಿಲ್ಲ. ಪೊಟ್ಟಣದ ಮೇಲಿದ್ದ ಸೂಚನೆ ಹಿಮ ಬೀಳುವ ಊರಿನವರಿಗೆ ಬರೆದದ್ದು. ಅಲ್ಲಿ ಕಡೆಯ ಹಿಮ ಕಳೆಯುವುದಕ್ಕೆ ಆರೆಂಟು ವಾರ ಮೊದಲು ಬೆಚ್ಚಗಿನ ಮನೆಯೊಳಗೆ ಬೀಜ ಮೊಳೆಯಿಸಿ, ಮೇ ತಿಂಗಳಲ್ಲಿ ಹೊರಗೆ ನೆಡುತ್ತಾರೆ. ಆ ಸಾಲನ್ನು ಇಲ್ಲಿನ ಮಾರಾಟಗಾರರು ಹಾಗೆಯೇ ಅಚ್ಚು ಹಾಕಿಸಿಬಿಡುತ್ತಾರೆ. ಮೈಸೂರಿನಲ್ಲಿ ಶಿವರಾತ್ರಿಗೆ ಬಿತ್ತಿದ ಟೊಮೆಟೊ ಹೂ ಬಿಡುವ ಹೊತ್ತಿಗೆ ಏಪ್ರಿಲ್-ಮೇ ಬಿಸಿಲು ನೆತ್ತಿಯ ಮೇಲಿರುತ್ತದೆ.

ಟೊಮೆಟೊ ಗಿಡ ಬಿಸಿಲನ್ನು ಸಹಿಸುತ್ತದೆ, ಅದರ ಪರಾಗ ಸಹಿಸುವುದಿಲ್ಲ. ಹಗಲು 32ರಿಂದ 35 ಡಿಗ್ರಿ ಮೀರಿದರೆ, ಅದಕ್ಕಿಂತ ಮುಖ್ಯವಾಗಿ ರಾತ್ರಿಯ ಉಷ್ಣಾಂಶ 21-22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ, ಪರಾಗ ಬೆಳೆಯುವ ಹಂತದಲ್ಲೇ ಕೆಡುತ್ತದೆ. ಹೂವು ಅರಳುವುದಕ್ಕೆ ಒಂದೆರಡು ವಾರ ಮೊದಲೇ ಈ ಹಾನಿ ಆಗಿರುತ್ತದೆ. ಆದ್ದರಿಂದ ಹೂವು ಉದುರುವುದನ್ನು ಕಂಡಮೇಲೆ ಗೊಬ್ಬರ ಹಾಕಿದರೂ ‘ಹೂ ನಿಲ್ಲಿಸುವ’ ಟಾನಿಕ್ ಸಿಂಪಡಿಸಿದರೂ ಆ ಗೊಂಚಲು ನಿಲ್ಲುವುದಿಲ್ಲ. ದೊಡ್ಡ ಹಣ್ಣಿನ ಹಳೆಯ ತಳಿಗಳಿಗೆ ಈ ಕಷ್ಟ ಹೆಚ್ಚು, ಚೆರ್ರಿ ಗಾತ್ರದ ಹಣ್ಣಿನವಕ್ಕೆ ಕಡಿಮೆ. ತಾರಸಿಯ ಕಾಂಕ್ರೀಟು ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ, ಹಾಗಾಗಿ ನಿಮ್ಮ ಗಿಡಗಳಿಗೆ ಊರಿನ ರಾತ್ರಿಗಿಂತ ಬಿಸಿಯಾದ ರಾತ್ರಿ ಸಿಕ್ಕಿದೆ.

ಹಾಗಾದರೆ ಯಾವಾಗ ಬಿತ್ತಬೇಕು? ಮೈಸೂರು, ಬೆಂಗಳೂರು, ಹಾಸನ, ತುಮಕೂರು ಕಡೆಯವರಿಗೆ ನನ್ನ ಉತ್ತರ ದಸರೆ. ಬ್ರಾಂಡಿವೈನ್, ಚೆರೋಕಿ ಪರ್ಪಲ್ ಎರಡೂ ನಿಧಾನದ ತಳಿಗಳು. ಸಸಿ ನಾಟಿ ಮಾಡಿದ ಮೇಲೆ ಸುಮಾರು 80 ದಿನ ಬೇಕು. ಪೊಟ್ಟಣದ ಮೇಲಿನ ‘80 ದಿನ’ ಬಿತ್ತಿದ ದಿನದಿಂದ ಅಲ್ಲ, ನಾಟಿಯಿಂದ ಎಣಿಸಿದ್ದು. ಅಕ್ಟೋಬರ್ ಮೊದಲ ವಾರ ಬಿತ್ತಿ, ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟರೆ ಹೂವು ಬರುವುದು ಡಿಸೆಂಬರಿನ ತಂಪು ರಾತ್ರಿಗಳಲ್ಲಿ, ಹಣ್ಣು ಸಂಕ್ರಾಂತಿಯ ನಂತರ. ಫೆಬ್ರವರಿ ಕೊನೆಯವರೆಗೂ ಕೊಯ್ಯಬಹುದು. ಇನ್ನೊಂದು ಲಾಭವೂ ಇದೆ. ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ 20-25 ಡಿಗ್ರಿಯಲ್ಲಿ ಚೆನ್ನಾಗಿ ಕೂಡುತ್ತದೆ, 30 ದಾಟಿದರೆ ಹಿಂಜರಿಯುತ್ತದೆ. ಬೇಸಿಗೆಯ ಟೊಮೆಟೊ ಹಳದಿ-ಕಿತ್ತಳೆಯಲ್ಲೇ ನಿಂತುಬಿಡುವುದು ಇದರಿಂದಲೇ.

ಕಲಬುರಗಿ, ರಾಯಚೂರು ಕಡೆ ಬಿಸಿಲು ಬೇಗ ಏರುತ್ತದೆ, ಅಲ್ಲಿಯವರು ಗಣೇಶನ ಹಬ್ಬದ ಹೊತ್ತಿಗೇ ಸಸಿಮಡಿ ಮಾಡಿಕೊಳ್ಳುವುದು ಮೇಲು. ಕರಾವಳಿಯವರಿಗೆ ನಾನು ಬ್ರಾಂಡಿವೈನ್ ಹೇಳುವುದೇ ಇಲ್ಲ. ಅಲ್ಲಿ ರಾತ್ರಿ ತಂಪಾಗುವುದು ಅಪರೂಪ, ಹುಳಿಮಣ್ಣಿನಲ್ಲಿ ದುಂಡಾಣು ಸೊರಗು ರೋಗದ ಕಾಟವೂ ಉಂಟು. ನಿನ್ನೆ ಹಸಿರಾಗಿದ್ದ ಗಿಡ ಇಂದು ಪೂರ್ತಿ ಬಾಡಿ ನಿಲ್ಲುತ್ತದೆ. ಆ ರೋಗವನ್ನು ತಡೆಯುವ ಅರ್ಕ ಆಲೋಕ್, ಅರ್ಕ ಆಭಾ ತಳಿಗಳು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು, ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು.

ಇನ್ನು ಸಸಿ. ಅಡುಗೆಮನೆಯ ಕಿಟಕಿ ಸಸಿಗೆ ಸಾಲದು. ಒಂದು ಬದಿಯಿಂದ ಬರುವ ಮಂದ ಬೆಳಕಿಗೆ ಕಾಂಡ ಹಿಗ್ಗಿ ತೆಳ್ಳಗಾಗುತ್ತದೆ. ನಮ್ಮಲ್ಲಿ ಮನೆಯೊಳಗೆ ಬಿತ್ತುವ ಅಗತ್ಯವೇ ಇಲ್ಲ. ಬೀಜ ಮೊಳೆಯಲು ಬೇಕಾದ 25-30 ಡಿಗ್ರಿ ಶಾಖ ಹೊರಗೇ ಇರುತ್ತದೆ, ಐದರಿಂದ ಎಂಟು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಮೊಳಕೆಯ ಕೊರಳು ಬಾಗಿ ಮಣ್ಣಿನಿಂದ ಎದ್ದ ದಿನದಿಂದಲೇ ಬೆಳಗಿನ ಬಿಸಿಲು ನೇರವಾಗಿ ಬೀಳಬೇಕು. ಬುಡ ಕೊಳೆತು ಬಿದ್ದದ್ದು ಸಸಿ ಸಾಯುವ ರೋಗ. ಸದಾ ಒದ್ದೆಯಾದ ಮಣ್ಣು, ಗಾಳಿಯಾಡದ ಜಾಗ, ಒತ್ತೊತ್ತಾಗಿ ಹಾಕಿದ ಬೀಜ, ಇವು ಮೂರು ಸೇರಿದರೆ ಶಿಲೀಂಧ್ರಕ್ಕೆ ಬೇರೇನೂ ಬೇಡ. ತೋಟದ ಮಣ್ಣನ್ನು ಸಸಿಗೆ ಬಳಸಬೇಡಿ. ತೊಳೆದ ಕೋಕೋಪೀಟ್ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಅದಕ್ಕೊಂದು ಚಿಟಿಕೆ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಸಾಕು. ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ, ಸಸಿ ಟ್ರೇಯ ಪ್ರತಿ ಗುಳಿಯಲ್ಲಿ ಒಂದೇ ಬೀಜ. ಮೇಲ್ಮೈ ಒಣಗಿದಂತೆ ಕಂಡಮೇಲೆ, ಬೆಳಗ್ಗೆ ಮಾತ್ರ ನೀರು. ಅಕ್ಟೋಬರಿನಲ್ಲಿ ಸಂಜೆ ಮಳೆ ಹೊಡೆಯುತ್ತದೆಯಲ್ಲ, ಆ ಹೊತ್ತಿಗೆ ಟ್ರೇಯನ್ನು ಸೂರಿನಡಿ ಸರಿಸಿ.

ನಾಲ್ಕನೆಯ ಎಲೆ ಬರುವ ಹೊತ್ತಿಗೆ ನಿಮ್ಮ ಬ್ರಾಂಡಿವೈನ್ ನಿಜವಾದದ್ದೇ ಎಂದು ಗುರುತಿಸಬಹುದು. ಮಾಮೂಲಿ ಟೊಮೆಟೊ ಎಲೆಯ ಅಂಚು ಹರಿದು ಹರಿದು ಕಚ್ಚುಕಚ್ಚಾಗಿರುತ್ತದೆ. ಬ್ರಾಂಡಿವೈನ್ ಎಲೆ ಅಗಲ, ಅಂಚು ನುಣುಪು, ಆಲೂಗಡ್ಡೆ ಗಿಡದ ಎಲೆಯದೇ ರೂಪ. ಈ ಗುಣ ಅಡಗುವಂಥದ್ದು. ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ತೋರುತ್ತದೆ. ಆದ್ದರಿಂದ ಬ್ರಾಂಡಿವೈನ್ ಬೀಜದಿಂದ ಕಚ್ಚೆಲೆಯ ಸಸಿ ಬಂದರೆ ಎಲ್ಲೋ ಬೇರೆ ತಳಿಯ ಪರಾಗ ಸೇರಿದೆ, ಇಲ್ಲವೇ ಪೊಟ್ಟಣದಲ್ಲಿದ್ದದ್ದು ಬೇರೆಯೇ ಬೀಜ. ಅಂಥ ಸಸಿಯನ್ನು ಆಗಲೇ ಕಿತ್ತು ಹಾಕಿ. ಹಣ್ಣಿಗಾಗಿ ಮೂರು ತಿಂಗಳು ಕಾದು ನಿರಾಶರಾಗಬೇಕಿಲ್ಲ. ಚೆರೋಕಿ ಪರ್ಪಲ್‌ಗೆ ಮಾಮೂಲಿ ಎಲೆಯೇ, ಅಲ್ಲಿ ಈ ಉಪಾಯ ನಡೆಯದು.

ಎಲೆ ಮುದುರಿದ್ದರ ಬಗ್ಗೆ ಹೇಳುವುದಿದೆ. ಎರಡು ತರಹದ ಮುದುರು ಇವೆ. ಬಿಸಿಲು ಹೆಚ್ಚಾಗಿಯೋ ನೀರು ಏರುಪೇರಾಗಿಯೋ ಆದರೆ ಬುಡದ ಹಳೆಯ ಎಲೆಗಳು ಸುರುಳಿ ಸುತ್ತಿ ದಪ್ಪಗಾಗುತ್ತವೆ, ಬಣ್ಣ ಹಸಿರೇ ಇರುತ್ತದೆ, ಸುಳಿ ಆರೋಗ್ಯವಾಗಿರುತ್ತದೆ. ಇದಕ್ಕೆ ಹೆದರಬೇಕಿಲ್ಲ. ಸುಳಿಯ ಎಳೆಯ ಎಲೆಗಳೇ ಪುಟ್ಟದಾಗಿ, ಅಂಚು ಹಳದಿಯಾಗಿ, ಮೇಲ್ಮುಖವಾಗಿ ಬಟ್ಟಲಿನಾಕಾರಕ್ಕೆ ತಿರುಗಿ, ಗಿಡ ಕುಳ್ಳಗೆ ಪೊದೆಯಾಗಿ ನಿಂತಿದ್ದರೆ ಅದು ಎಲೆ ಮುದುರು ವೈರಸ್. ನೀವು ‘ಎಲೆಗಳೆಲ್ಲ’ ಎಂದಿರುವುದರಿಂದ ಎರಡನೆಯದೇ ಇರಬೇಕು. ಇದನ್ನು ಹರಡುವುದು ಬಿಳಿನೊಣ. ಬೇಸಿಗೆಯಲ್ಲಿ ಅದರ ಸಂತತಿ ಏರುತ್ತದೆ, ಶಿವರಾತ್ರಿ ಬಿತ್ತನೆ ಸರಿಯಾಗಿ ಅದರ ಬಾಯಿಗೆ ಸಿಗುತ್ತದೆ. ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ. ಮಜ್ಜಿಗೆ, ಅರಿಸಿನ, ಇಂಗು, ಏನು ಹೊಡೆದರೂ ಅದು ಗುಣವಾಗುವುದಿಲ್ಲ, ಅಂಥ ವಿಡಿಯೊಗಳನ್ನು ನೋಡಿ ಕಾಲ ಕಳೆಯಬೇಡಿ. ರೋಗಿ ಗಿಡವನ್ನು ನಸುಕಿನಲ್ಲಿ, ನೊಣಗಳು ಇನ್ನೂ ಮಂಕಾಗಿರುವಾಗ, ಮೇಲಿಂದ ಪ್ಲಾಸ್ಟಿಕ್ ಚೀಲ ಮುಚ್ಚಿ, ಚೀಲ ಸಮೇತ ಕಿತ್ತು ಬಿಗಿಯಾಗಿ ಕಟ್ಟಿ ಎಸೆಯಿರಿ. ಬರಿಗೈಯಲ್ಲಿ ಅಲುಗಾಡಿಸಿದರೆ ನೊಣಗಳೆಲ್ಲ ಪಕ್ಕದ ಗಿಡಕ್ಕೆ ಹಾರುತ್ತವೆ.

ಇದರಿಂದ ಪಾರಾಗುವ ದಾರಿ ಒಂದೇ: ಎಳೆ ಸಸಿಗೆ ಬಿಳಿನೊಣ ಮುಟ್ಟದಂತೆ ನೋಡಿಕೊಳ್ಳುವುದು. ಕೋಲಾರದ ಕಡೆ ಸಸಿ ಬೆಳೆಸಿ ಮಾರುವ ನರ್ಸರಿಗಳು ನೈಲಾನ್ ಬಲೆಯ ಮನೆಯೊಳಗೆ ಸಸಿ ಮಾಡುವುದು ಇದಕ್ಕಾಗಿಯೇ. ನೀವು 40-50 ಮೆಶ್‌ನ (ಅಂಗುಲಕ್ಕೆ 40-50 ಕಣ್ಣುಗಳಿರುವ) ನೈಲಾನ್ ಬಲೆಯನ್ನು ನಾಲ್ಕು ಕಡ್ಡಿಗಳ ಮೇಲೆ ಹೊದಿಸಿ ಸಸಿಯ ಟ್ರೇಯನ್ನು ಅದರಡಿ ಇಟ್ಟರಾಯಿತು. ಬಲೆಯ ಅಂಚನ್ನು ಮರಳಿನಿಂದ ಒತ್ತಿ. ನೆಟ್ಟ ಮೇಲೆ ಹಳದಿ ಅಂಟು ಹಾಳೆ ತೂಗುಹಾಕಿ, ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ಕರಗಲು ತುಸು ಸೋಪು ಬೆರೆಸಿ ಎಲೆಯ ತಳಭಾಗಕ್ಕೆ ಸಂಜೆ ಸಿಂಪಡಿಸಿ. ಹೆಸರಘಟ್ಟದ ಅರ್ಕ ರಕ್ಷಕ್ ತಳಿ ಎಲೆ ಮುದುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ, ಮೂರನ್ನೂ ತಡೆಯುತ್ತದೆ. ಬ್ರಾಂಡಿವೈನ್‌ಗೆ ಅಂಥ ರಕ್ಷಣೆ ಏನೇನೂ ಇಲ್ಲ. ಹಳೆಯ ತಳಿ ಎಂದರೆ ಗಟ್ಟಿ ತಳಿ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ತಾನು ಬೆಳೆದ ಊರಿನ ರೋಗಗಳಿಗೆ ಗಟ್ಟಿ ಇದ್ದೀತು, ನಮ್ಮ ಊರಿನವಕ್ಕೆ ಏಕಿರಬೇಕು?

ನಾಟಿಯ ವಿಷಯ ಬೇಗ ಮುಗಿಸುತ್ತೇನೆ. 25-30 ದಿನದ, ಐದಾರು ಎಲೆಯ ಸಸಿ ಸರಿಯಾದದ್ದು. ಕೆಳಗಿನ ಎಲೆ ಚಿವುಟಿ ಕಾಂಡದ ಅರ್ಧವನ್ನು ಮಣ್ಣಿನೊಳಗೆ ಹೂಳಿ. ಹೂತ ಕಾಂಡದುದ್ದಕ್ಕೂ ಬೇರು ಬರುತ್ತದೆ, ತೆಳ್ಳಗೆ ಬೆಳೆದ ಸಸಿಗೂ ಇದೇ ಮದ್ದು. ಈ ಎರಡೂ ತಳಿ ಬಳ್ಳಿಯಂತೆ ಆರಡಿ ದಾಟುವಂಥವು, ಚೀಲ 20 ಲೀಟರಿಗಿಂತ ಚಿಕ್ಕದಾದರೆ ಬೇರಿಗೆ ಜಾಗ ಸಾಲದು. ನೆಡುವ ದಿನವೇ ಕೋಲು ನೆಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಎಲೆಯ ಕಂಕುಳಲ್ಲಿ ಬರುವ ಕುಡಿಗಳನ್ನು ಚಿವುಟಬೇಕೆಂದು ಎಲ್ಲರೂ ಹೇಳುತ್ತಾರೆ. ಮೊದಲ ಹೂಗೊಂಚಲಿನ ಕೆಳಗಿನವನ್ನು ಚಿವುಟಿ, ಮೇಲಿನವುಗಳಲ್ಲಿ ಒಂದೆರಡನ್ನು ಬಿಡಿ. ಎಲೆಯ ನೆರಳಿಲ್ಲದಿದ್ದರೆ ನಮ್ಮ ಬಿಸಿಲಿಗೆ ಕಾಯಿಯ ಹೆಗಲು ಬೆಂದು ಬಿಳಿಯಾಗುತ್ತದೆ.

ಕಾಯಿಯ ತುದಿ ಕಪ್ಪಾಗಿ ಕುಗ್ಗುವುದನ್ನು ನೀವು ಜನವರಿಯಲ್ಲಿ ನೋಡಬಹುದು, ಈಗಲೇ ಹೇಳಿಬಿಡುತ್ತೇನೆ. ಅದು ರೋಗವಲ್ಲ, ಬೆಳೆಯುವ ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಗೇ ಮೇಲೇರಬೇಕು. ಎರಡು ದಿನ ಒಣಗಿಸಿ ಮೂರನೆಯ ದಿನ ಬಕೆಟ್ ಸುರಿದರೆ ಕಾಯಿಯ ತುದಿಗೆ ಪಾಲು ಸಿಗುವುದಿಲ್ಲ. ಮೊಟ್ಟೆ ಚಿಪ್ಪು ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಎಪ್ಸಮ್ ಉಪ್ಪಂತೂ ಹಾಕಲೇಬೇಡಿ. ಅದರಲ್ಲಿರುವುದು ಮೆಗ್ನೀಸಿಯಂ, ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಚೀಲದ ಮೇಲೆ ಎರಡು ಅಂಗುಲ ಒಣ ಎಲೆಯ ಹೊದಿಕೆ ಮಾಡಿ, ದಿನವೂ ಒಂದೇ ಅಳತೆಯ ನೀರು ಕೊಡಿ. ಹಣ್ಣು ಬಿರಿಯುವುದೂ ಇದರಿಂದಲೇ ಕಡಿಮೆಯಾಗುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಚಂಡಮಾರುತದ ಮೋಡ ಕವಿದು ಜಿಟಿಜಿಟಿ ಹಿಡಿದರೆ ಮಾತ್ರ ಎಚ್ಚರ, ಅಂಗಮಾರಿ ಎರಡೇ ದಿನದಲ್ಲಿ ಗಿಡವನ್ನು ಸುಟ್ಟಂತೆ ಮಾಡುತ್ತದೆ. ಮಳೆಯ ಮುನ್ಸೂಚನೆ ಬಂದಾಗಲೇ ನೆಲಕ್ಕೆ ತಾಗುವ ಎಲೆಗಳನ್ನು ತೆಗೆದು ಶೇಕಡಾ 1ರ ಬೋರ್ಡೊ ದ್ರಾವಣ ಸಿಂಪಡಿಸಿ. ಲೀಟರ್ ನೀರಿಗೆ ಮೈಲುತುತ್ತ 10 ಗ್ರಾಂ, ಸುಣ್ಣ 10 ಗ್ರಾಂ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು.

ತಂಪಿನಲ್ಲೂ ಕಾಯಿ ಕಚ್ಚದಿದ್ದರೆ ಗಾಳಿ ಮತ್ತು ದುಂಬಿಯ ಕೊರತೆ ಇರಬಹುದು. ಟೊಮೆಟೊ ಹೂವಿನ ನಡುವೆ ಹಳದಿ ಕೊಳವೆಯೊಂದು ಕಾಣುತ್ತದಲ್ಲ, ಪರಾಗ ಅದರೊಳಗಿದೆ, ಅದಿರಿದರೆ ಮಾತ್ರ ಉದುರುತ್ತದೆ. ಜೇನುನೊಣಕ್ಕೆ ಹಾಗೆ ಅದುರಿಸಲು ಬರುವುದಿಲ್ಲ. ನೀಲಿ ಪಟ್ಟೆಯ ಒಂಟಿ ಜೇನು, ಕರಿಯ ಬಡಗಿ ದುಂಬಿ ಹೂವಿಗೆ ಜೋತುಬಿದ್ದು ರೆಕ್ಕೆಯ ಸ್ನಾಯು ಝೇಂಕರಿಸಿ ಪರಾಗ ಉದುರಿಸಿಕೊಳ್ಳುತ್ತವೆ. ಅವು ನಿಮ್ಮ ಮಹಡಿಯವರೆಗೆ ಬರದಿದ್ದರೆ ಬೆಳಗ್ಗೆ ಹತ್ತರ ಸುಮಾರಿಗೆ ಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲನೆ ತಟ್ಟಿ, ಸಾಕು.

ಈಗ ನಿಮ್ಮ ಮಾರುಕಟ್ಟೆ ಟೊಮೆಟೊ. ತರಕಾರಿ ಅಂಗಡಿಯಲ್ಲಿ ನಾಟಿ ಎಂದರೆ ದುಂಡಗೆ, ಹುಳಿಯಾಗಿ, ರಸ ತುಂಬಿದ ಹಣ್ಣು. ಅದು ರೂಪ, ರುಚಿಯ ಗುರುತು ಅಷ್ಟೇ. ಇಂದು ಹಾಗೆ ಮಾರುವ ಹಣ್ಣಿನಲ್ಲಿ ಬಹುಪಾಲು ಹೈಬ್ರಿಡ್ ಬೀಜದಿಂದಲೇ ಬೆಳೆದದ್ದು. ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ ಹೈಬ್ರಿಡ್‌ನ ಹಣ್ಣಿನ ಬೀಜ ಬಿತ್ತಿದರೆ ಆ ಎರಡೂ ಕಡೆಯ ಗುಣಗಳು ಒಂದೊಂದು ಗಿಡಕ್ಕೆ ಒಂದೊಂದು ಬಗೆಯಲ್ಲಿ ಹಂಚಿಹೋಗುತ್ತವೆ. ನಿಮಗೆ ಸಿಕ್ಕಿದ ತರಹೇವಾರಿ ಹಣ್ಣು ಅದೇ. ಅದು ನಷ್ಟವೇನಲ್ಲ. ಆ ಗಿಡಗಳು ಬೇಸಿಗೆಯಲ್ಲೂ ಕಾಯಿ ಬಿಟ್ಟಿವೆ, ಅದನ್ನು ಗಮನಿಸಿ. ಅವುಗಳಲ್ಲಿ ರೋಗ ಮುಟ್ಟದ, ರುಚಿ ಹಿಡಿಸಿದ ಒಂದು ಗಿಡದ ಬೀಜ ತೆಗೆದು ಮತ್ತೆ ಬಿತ್ತಿ. ಆರೇಳು ತಲೆಮಾರು ಹೀಗೆ ಆಯ್ದು ಬಿತ್ತುತ್ತ ಹೋದರೆ ಗುಣ ನಿಲ್ಲುತ್ತದೆ. ಏರ್‌ಲೂಮ್‌ಗಳೆಲ್ಲ ಹೀಗೇ ಮನೆಮಂದಿಯ ಕೈಯಲ್ಲಿ ಉಳಿದು ಬಂದವು. ಚೆರೋಕಿ ಪರ್ಪಲ್‌ನ ಬೀಜವನ್ನು 1990ರಲ್ಲಿ ಅಮೆರಿಕದ ಟೆನೆಸಿಯ ಜಾನ್ ಗ್ರೀನ್ ಎಂಬವರು ಹವ್ಯಾಸಿ ತೋಟಗಾರ ಕ್ರೇಗ್ ಲೆಹೂಲಿಯರ್ ಅವರಿಗೆ ಅಂಚೆಯಲ್ಲಿ ಕಳಿಸಿದಾಗ ಅದಕ್ಕೆ ಹೆಸರೂ ಇರಲಿಲ್ಲ. ಚೆರೋಕಿ ಬುಡಕಟ್ಟಿನವರಿಂದ ಬಂದದ್ದು ಎಂಬ ಮಾತು ಮಾತ್ರ ಜೊತೆಗಿತ್ತು. ಹೆಸರಿಟ್ಟವರು ಲೆಹೂಲಿಯರ್.

ಇಷ್ಟು ಹೊತ್ತು ಕಾಯಲಾರೆ ಎಂದಾದರೆ ಪೂಸಾ ರೂಬಿ ಅಥವಾ ಅರ್ಕ ವಿಕಾಸ್ ಹಾಕಿ. ಎರಡೂ ಸಂಶೋಧನಾ ಸಂಸ್ಥೆಗಳ ತಳಿಗಳು, ಪಾರಂಪರಿಕವಲ್ಲ, ಆದರೆ ಬೀಜ ಬಿತ್ತಿದರೆ ಅದೇ ಗಿಡ ಬರುತ್ತದೆ. ದೇಸಿ ಬೀಜ ಬೇಕೆಂದರೆ ಬೆಂಗಳೂರಿನ ಸಹಜ ಸಮೃದ್ಧ ಬಳಗದವರು ನಡೆಸುವ ಬೀಜ ಮೇಳಗಳಲ್ಲಿ ಕೇಳಿ ನೋಡಿ. ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ: ಸಾರಿಗೆ, ಗೊಜ್ಜಿಗೆ ಬ್ರಾಂಡಿವೈನ್ ವ್ಯರ್ಥ. ಹುಳಿ ಕಡಿಮೆ, ತಿರುಳು ಹೆಚ್ಚು. ಅದನ್ನು ಹೋಳು ಮಾಡಿ ಉಪ್ಪು, ಮೆಣಸಿನಪುಡಿ ಉದುರಿಸಿ ಹಸಿಯಾಗಿಯೇ ತಿನ್ನಬೇಕು. ಫ್ರಿಜ್‌ನಲ್ಲಿ ಇಟ್ಟರಂತೂ ಪರಿಮಳವೇ ಹೋಗುತ್ತದೆ.

ಬೀಜ ಉಳಿಸುವಾಗ ಹಣ್ಣನ್ನು ನೋಡಬೇಡಿ, ಗಿಡವನ್ನು ನೋಡಿ. ಸೊರಗಿದ ಗಿಡದಲ್ಲಿ ಒಂದೇ ಒಂದು ದೊಡ್ಡ ಹಣ್ಣು ಬಿಟ್ಟಿದ್ದರೆ ಅದನ್ನು ತಿಂದುಬಿಡಿ, ಬೀಜಕ್ಕೆ ಬೇಡ. ಟೊಮೆಟೊ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡ, ಆದರೂ ಕೆಲವು ಹಳೆಯ ತಳಿಗಳಲ್ಲಿ ಹೂವಿನ ಶಲಾಕೆ (ಪರಾಗ ಪಡೆಯುವ ಕಡ್ಡಿ) ಕೊಳವೆಯಿಂದ ಹೊರಗೆ ಚಾಚಿರುತ್ತದೆ. ಅಲ್ಲಿ ದುಂಬಿ ಬೇರೆ ತಳಿಯ ಪರಾಗ ತಂದು ಸವರಬಹುದು. ಎರಡು ತಳಿ ಒಂದೇ ತಾರಸಿಯಲ್ಲಿರುವುದರಿಂದ, ಮದುವೆ ಮನೆಯಲ್ಲಿ ತಾಂಬೂಲ ಕೊಡುವ ಜಾಲರಿ ಚೀಲ ನಿಮ್ಮ ಮನೆಯಲ್ಲಿ ಬಿದ್ದಿದ್ದರೆ ಅದನ್ನು ಎರಡನೆಯ ಇಲ್ಲವೇ ಮೂರನೆಯ ಗೊಂಚಲಿಗೆ ಮೊಗ್ಗಿನಲ್ಲೇ ಕಟ್ಟಿ. ದಿನವೂ ಚೀಲದ ಮೇಲಿಂದಲೇ ತಟ್ಟಿ. ಗೋಲಿ ಗಾತ್ರದ ಕಾಯಿ ಕಂಡಮೇಲೆ ಚೀಲ ಬಿಚ್ಚಿ, ಆ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ.

ಹಣ್ಣು ಗಿಡದಲ್ಲೇ ಪೂರ್ತಿ ಮಾಗಲಿ. ಬೀಜವನ್ನು ಅದರ ಲೋಳೆಯ ಸಮೇತ ಗಾಜಿನ ಲೋಟಕ್ಕೆ ಹಿಂಡಿ, ತುಸುವೇ ನೀರು ಹಾಕಿ, ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ಆ ಲೋಳೆಯಲ್ಲಿ ಮೊಳಕೆಯನ್ನು ತಡೆಯುವ ಅಂಶ ಇರುತ್ತದೆ, ಹುಳಿ ಬಂದರೆ ಅದು ಕರಗುತ್ತದೆ. ಎರಡು ದಿನಕ್ಕೆ ಮೇಲೆ ಬಿಳಿ ಕೆನೆ ಕಟ್ಟಿ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ, ಬೀಜ ತಳಕ್ಕೆ ಕೂತಿರುತ್ತದೆ. ಮೂರು ದಿನ ದಾಟಿಸಬೇಡಿ, ನಮ್ಮ ಸೆಕೆಗೆ ಲೋಟದಲ್ಲೇ ಮೊಳೆಯಲು ಶುರುವಾಗುತ್ತದೆ. ತೇಲುವ ಜೊಳ್ಳು ಚೆಲ್ಲಿ, ಉಳಿದದ್ದನ್ನು ಚಹಾ ಸೋಸುವ ಜರಡಿಯಲ್ಲಿ ಚೆನ್ನಾಗಿ ತೊಳೆದು ಪಿಂಗಾಣಿ ತಟ್ಟೆಯ ಮೇಲೆ ಹರಡಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡಿಸಲಾಗದು. ನೆರಳಿನಲ್ಲಿ ವಾರ ಒಣಗಿದ ಮೇಲೆ ಬೀಜ ಮಡಚಿದರೆ ಟಕ್ಕೆಂದು ಮುರಿಯಬೇಕು, ಬಾಗಿದರೆ ಇನ್ನೂ ತೇವ ಇದೆ ಎಂದರ್ಥ. ತಳಿಯ ಹೆಸರು, ವರ್ಷ ಬರೆದ ಕಾಗದದ ಪೊಟ್ಟಣದಲ್ಲಿ ಹಾಕಿ, ಹುರಿದು ಆರಿಸಿದ ಅಕ್ಕಿಯ ಗಂಟಿನೊಡನೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟರೆ ನಾಲ್ಕೈದು ವರ್ಷ ಧಾರಾಳವಾಗಿ ಮೊಳೆಯುತ್ತದೆ.

ತಂಗಿಯಿಂದ ಬೀಜ ತರಿಸುವ ಮಾತು ಕೈಬಿಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ವಿದೇಶದಿಂದ ಬಿತ್ತನೆ ಬೀಜ ತರಲು ಆಮದು ಪರವಾನಗಿಯೂ ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅಂಚೆಯ ಲಕೋಟೆಯಲ್ಲಿ ಬಂದ ಹತ್ತು ಬೀಜಕ್ಕೂ ಇದೇ ನಿಯಮ. ಇದು ಬರೀ ಕಾಗದದ ಕಿರಿಕಿರಿ ಅಲ್ಲ. 2014ರಲ್ಲಿ ಇಸ್ರೇಲಿನಲ್ಲಿ ಕಾಣಿಸಿಕೊಂಡ ಟೊಮೆಟೊ ರುಗೋಸ್ ವೈರಸ್ ಬೀಜದ ಸಿಪ್ಪೆಯ ಮೇಲೇ ಕೂತು ಖಂಡಗಳನ್ನು ದಾಟಿದೆ. ಎಲೆ ಮುದುರು ವೈರಸ್ಸಿಗಾದರೆ ಬಿಳಿನೊಣ ಬೇಕು. ಇದು ಕೈಯಿಂದ, ಕತ್ತರಿಯಿಂದಲೂ ಹರಡುತ್ತದೆ.

ಮನೆಯಲ್ಲಿರುವ ಅರ್ಧ ಪೊಟ್ಟಣವನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಈಗ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಸೆಪ್ಟೆಂಬರ್ ಕೊನೆಗೆ ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಕೂರುತ್ತದೆ. ಒಂದು ರಾತ್ರಿ ಹೊರಗಿಟ್ಟು ಮರುದಿನ ತೆರೆಯಿರಿ. ಪ್ರತಿ ತಳಿಯ ನಾಲ್ಕೈದು ಬೀಜವನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ವಾರದಲ್ಲಿ ಬಾಲ ಬಿಟ್ಟವನ್ನು ಹಾಗೆಯೇ ಟ್ರೇಗೆ ಇಳಿಸಬಹುದು, ಒಂದೂ ವ್ಯರ್ಥವಾಗುವುದಿಲ್ಲ. ಅಷ್ಟರೊಳಗೆ ಬಲೆ ಹೊಲಿಸಿಟ್ಟುಕೊಳ್ಳಿ.